ಬಾಟಲಿಗೆ ಸಿಗದ ಪತಂಗ

ಪತಂಗ ಹಿಡಿಸಲು ಬಾಟಲಿ ಕಳಿಸಿದ ಮಾನ್ಯ ಅರಣ್ಯಾಧಿಕಾರಿಗಳೇ,

ನನ್ನ ಪತಂಗವನ್ನು ನಾನು ಕೊಡುವುದಿಲ್ಲ. ಹೊಸ ಸೊಸೆ ಗಟ್ಟಿಯಾಗಿ ಮಾತಾಡಬಾರದೆಂದು ಇಳಕಲ್ಲಿನಲ್ಲಿ ಎಲ್ಲರೂ ಹೇಳುತ್ತಾರೆ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ಯಲ್ಲಾಪುರದ ನನ್ನ ತವರಿನ ಹಿತ್ತಲಲ್ಲಿ, ಪೇರಲ ಗಿಡದಲ್ಲಿ, ಪತಂಗದ ಒಂದು ಗೂಡು ತೂಗುತ್ತಿತ್ತು. ಮದುವೆಯಾಗಿ ಬರುವಾಗ ಅದನ್ನು ಬಳೆಯ ಪೆಟ್ಟಿಗೆಯಲ್ಲಿಟ್ಟು ಮೊದಲು ಚಕ್ಕಡಿಯಲ್ಲಿ, ಆಮೇಲೆ ಬಾಗಲಕೋಟೆಯವರೆಗೆ ರೈಲಿನಲ್ಲಿ, ಅಲ್ಲಿಂದ ಹುನಗುಂದದ ಮೇಲೆ ಮತ್ತೆ ಚಕ್ಕಡಿಯಲ್ಲಿ ತಂದೆ. ನಮ್ಮವರು (ಹೆಸರು ಬರೆಯಲಾರೆ, ಅತ್ತೆ ಎದುರಿಗೇ ಕುಳಿತಿದ್ದಾರೆ) ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದಿದ್ದರು. ಇಂಥ ಗಂಡ ಯಾರಿಗೆ ಸಿಗುತ್ತಾನೆ? ಕಳೆದ ವಾರ ಗೂಡಿನಿಂದ ಹೊರಬಂದವಳನ್ನು ನೋಡಿ ನಾವಿಬ್ಬರೂ ಊಟ ಮರೆತೆವು. ಎರಡು ಅಂಗೈ ಅರಳಿಸಿಟ್ಟಷ್ಟು ಅಗಲ, ಕೆಮ್ಮಣ್ಣಿನ ಬಣ್ಣ, ರೆಕ್ಕೆಗಳಲ್ಲಿ ಗಾಜಿನಂಥ ಮುಕ್ಕೋನದ ಕಿಟಕಿಗಳು. ನಾನು ಕಲಿತ ಇಂಗ್ಲಿಷ್ ಶಾಲೆಯಲ್ಲಿ ಇವಳನ್ನು ಅಟ್ಲಾಸ್ ಎನ್ನುತ್ತಿದ್ದರು.

ಸಂತೋಷಕ್ಕೆ ಇಡೀ ಓಣಿಯನ್ನು ಕರೆದು ತೋರಿಸಿದೆ; ಸುದ್ದಿ ತಮ್ಮ ಕಚೇರಿಯನ್ನೂ ಮುಟ್ಟಿತು. ಪತಂಗ ಅರಣ್ಯದ ಸ್ವತ್ತು, ಪಾಸಿಲ್ಲದೆ ತಂದದ್ದು ಅಪರಾಧ, ತಮ್ಮ ಸಂಗ್ರಹಕ್ಕೆ ಒಪ್ಪಿಸತಕ್ಕದ್ದು ಎಂದು ನಮ್ಮವರಿಗೆ ನೋಟೀಸು ಬಂತು. ಇವಳ ತಾಯಿ ಕಾಡಿನಿಂದ ನಮ್ಮ ಹಿತ್ತಲಿಗೆ ಹಾರಿ ಬಂದಾಗ ಯಾವ ತಪಾಸಣೆ ನಾಕೆಯಲ್ಲಿ ಪಾಸು ತೋರಿಸಬೇಕಿತ್ತು? ತಮ್ಮ ಗೋಡೆಯ ಮೇಲೆ ಸೂಜಿ ಚುಚ್ಚಿಸಿಕೊಂಡಿರುವ ಪತಂಗಗಳು ಈಗ ಯಾರ ಸ್ವತ್ತು? ಗಾಳಿಯೂ ಕಾಡಿನಿಂದಲೇ ಬೀಸುತ್ತದೆ. ಉಸಿರಾಡಲು ಅರ್ಜಿ ಎಲ್ಲಿ ಕೊಡಬೇಕು?

ನಿನ್ನೆ ತಮ್ಮ ಜವಾನ ಇಬ್ರಾಹಿಂಸಾಬ ಬಾಟಲಿ ಹಿಡಿದು ಬಂದ. "ಖಾಲಿ ಬಾಟಲಿ ತರಬ್ಯಾಡ ಅಂದಾರ್ರಿ ಸಾಹೇಬ್ರು."

"ಹಂಗಾರ ನೀರು ತುಂಬಿ ಕೊಡಲೇನು?" ಎಂದರು ನಮ್ಮತ್ತೆ ಸಿದ್ದಲಿಂಗವ್ವ. "ಹುಡುಕೋದಾದ್ರ ಹುಡುಕು. ಮಗ್ಗದ ಕುಣಿ ಐತಿ, ನೋಡಿ ಕಾಲಿಡು."

ನಮ್ಮದು ನೇಕಾರರ ಮನೆ. ಆತ ಅಟ್ಟ, ಅಡುಗೆಮನೆ, ನನ್ನ ಟ್ರಂಕು ಎಲ್ಲ ಜಾಲಾಡಿದ. ಇವಳು ಆತನ ಮೂಗಿನ ಮುಂದೆ, ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯ ಸೆರಗಿನಲ್ಲಿ ಕುಳಿತಿದ್ದಳು. ಇಳಕಲ್ಲಿನ ಸೆರಗೆಂದರೆ ಕೆಂಪು ರೇಷ್ಮೆಯಲ್ಲಿ ಬಿಳಿ ಮೊನೆಗಳ ಸಾಲು. ಇವಳ ರೆಕ್ಕೆಗಳೂ ಅದರೊಳಗೇ ನೇಯ್ದಂತಿದ್ದವು.

"ಸೆರಗು ಭಾಳ ಚಂದ ಬಂದೈತಿ ಬಿಡ್ರಿ ಅವ್ವಾ," ಎಂದು ಹೊಗಳಿ ಹೋದ. ಆತನನ್ನು ಬೈಯಬೇಡಿ. ತಾವೇ ಬಂದಿದ್ದರೂ ಸೀರೆಯ ಬೆಲೆ ಕೇಳಿ ಹೋಗುತ್ತಿದ್ದಿರಿ.

ನೋಟೀಸನ್ನು ಹಿಂತೆಗೆದುಕೊಳ್ಳಿ, ಬಾಟಲಿಯನ್ನು ಮತ್ತೆ ಕಳಿಸಬೇಡಿ. ಅಪರಾಧವೇ ಆಗಿದ್ದರೆ ನನ್ನ ಹೆಸರಿಗೆ ಬರೆಯಿರಿ. ಗೂಡು ತಂದವಳು ನಾನು. ಇವಳ ಆಯುಸ್ಸು ಇನ್ನು ಕೆಲವೇ ದಿನ. ಅಷ್ಟನ್ನೂ ಇವಳು ನಮ್ಮ ಸೆರಗಿನ ಮೇಲೆಯೇ ಕಳೆಯುತ್ತಾಳೆ. ಇವಳು ಏನೂ ತಿನ್ನುವುದಿಲ್ಲ, ತಮ್ಮನ್ನು ಏನೂ ಕೇಳುವುದೂ ಇಲ್ಲ, ಏಕೆಂದರೆ ಈ ಜಾತಿಯ ಪತಂಗಕ್ಕೆ ಬಾಯಿಯೇ ಇರುವುದಿಲ್ಲ.

ನನಗಿದೆ.

ಇಂತಿ,
ಮದುವೆಯಾದ ಮೊದಲ ತಿಂಗಳಲ್ಲೇ ಗಂಡನ ಮನೆಗೆ ಸರಕಾರಿ ನೋಟೀಸು ತಂದುಕೊಟ್ಟ
ಗುರುಲಿಂಗವ್ವ
ಇಳಕಲ್ಲು, ೧೯೦೮