ಕೈಗೆ ಬಂದ ಎಕ್ಸಲರೇಟರ್

ಮಾರ್ಚ್ ೩, ಸಂಜೆ

ಇವತ್ತೂ ಟವರಿಗೆ ಲೋಡು. ಇಳಿದು ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿದೆ. ಡೀಸೆಲ್ ಡ್ರಮ್ಮು, ಬ್ಯಾಟರಿ ಪೆಟ್ಟಿಗೆ, ಕಾವಲಿನವರ ದಿನಸಿ. ಗುಡ್ಡದ ಮೇಲಿನ ಮೊಬೈಲ್ ಟವರಿಗೆ ಇವನ್ನು ಸಣ್ಣ ಲಾರಿಯಲ್ಲಿ ಒಯ್ಯುವುದು ಅಪ್ಪನ ಕೆಲಸ. ಹಗ್ಗ ಬಿಗಿಯುವುದು, ಚಕ್ರಕ್ಕೆ ಕಲ್ಲು ಕೊಡುವುದು ನನ್ನದು. ಎಂ.ಎ. ಮುಗಿದು ಇದು ಎರಡನೆಯ ಬೇಸಿಗೆ. ಅರ್ಜಿ ಹಾಕಿದ ಕಾಲೇಜುಗಳಿಂದ ಉತ್ತರವಿಲ್ಲ. "ನಮ್ಮ ಕ್ಲೀನರ್‌ಗೆ ಛಂದಸ್ಸು ಬರುತ್ತೆ" ಎಂದು ಅಪ್ಪ ಕಾವಲಿನವರಿಗೆ ಹೇಳುತ್ತಾರೆ. ಹೆಮ್ಮೆಯೋ ಹಾಸ್ಯವೋ ಇನ್ನೂ ತಿಳಿದಿಲ್ಲ. ಕೇಳುವ ಧೈರ್ಯವೂ ಇಲ್ಲ.

ಅರ್ಧ ದಾರಿಯ ಮೇಲೆ ರಸ್ತೆಯೇ ಇಲ್ಲ, ಬರೀ ಬಂಡೆ. ಫೋರ್-ವೀಲ್ ಹಾಕಿ ಆಮೆಯಂತೆ ಹತ್ತಬೇಕು. ಇತ್ತೀಚೆಗೆ ಆಮೆ ಕಪ್ಪೆಯಾಗಿದೆ. ಇಂದು ಬ್ಯಾಟರಿ ಒಡೆಯಿತು. ಸೂಪರ್‌ವೈಸರ್ ಆಸಿಡ್ ಸೋರಿದ ಪೆಟ್ಟಿಗೆಯನ್ನು ಬೂಟಿನ ತುದಿಯಿಂದ ತಳ್ಳಿ ನೋಡಿದರು.

"ಏನ್ ಯಜಮಾನ್ರೇ, ಗಾಡಿಗೆ ವಯಸ್ಸಾಯ್ತಾ?"

"ಗಾಡಿಗೇನಾಗಿದೆ?"

"ಹಾಗಾದ್ರೆ ನಿಮಗಾಯ್ತು. ತಿಂಗಳ ಕೊನೇಲಿ ನಾನೇ ಪಕ್ಕದಲ್ಲಿ ಕೂತು ಬರ್ತೀನಿ. ಅವತ್ತೂ ಹೀಗೇ ಕುಣಿಸಿದ್ರೆ, ಬೇರೆಯವರನ್ನ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ."

ಅಪ್ಪ ನಕ್ಕರು. ಇಳಿಯುವಾಗ ರೇಡಿಯೋ ಕೂಡ ಹಾಕಲಿಲ್ಲ...

ಮಾರ್ಚ್ ೫

ಅಪ್ಪನಿಗೆ ಉಪಾಯ ಹೊಳೆದಿದೆ. ಕೈಯಲ್ಲಿ ಕೊಡುವ ಎಕ್ಸಲರೇಟರ್.

"ಬಂಡೆ ಮೇಲೆ ಗಾಡಿ ಎಗರಿದಾಗ ಕಾಲೂ ಎಗರುತ್ತೆ. ಕಾಲು ಎಗರಿದ್ರೆ ಇಂಜಿನ್ನಿಗೆ ರೇಸು. ರೇಸು ಬಂದ್ರೆ ಗಾಡಿ ಮತ್ತೆ ಎಗರುತ್ತೆ. ಕಾಲನ್ನ ಲೆಕ್ಕದಿಂದಲೇ ತೆಗೆದುಬಿಟ್ರೆ? ಗೇರಿನ ಪಕ್ಕ ಒಂದು ಲಿವರ್. ಬೇಕಾದಷ್ಟು ಎಳೆದು ಬಿಟ್ಟರೆ ಇಂಜಿನ್ ಅಷ್ಟೇ ವೇಗದಲ್ಲಿ ಓಡ್ತಾ ಇರಬೇಕು."

ಸರಿ ಎನ್ನಿಸಿತು. ಆದರೆ ಬಂಡೆ ಮೊದಲೂ ಇತ್ತು. ಕಾಲೂ ಇತ್ತು.

ಕೇಳಲಿಲ್ಲ. ಚಿಕ್ಕಪ್ಪನ ಸೈಕಲ್ ಅಂಗಡಿಗೆ ಹೋದೆವು. ಅವರು ಚಕ್ರವೊಂದರ ಕಡ್ಡಿ ಬಿಗಿಯುತ್ತ ಕೂತಿದ್ದರು, ತಲೆ ಎತ್ತದೆ, "ಬಾರಮ್ಮಾ ಪಂಡಿತೆ. ನಿಮ್ಮಪ್ಪ ನನ್ನ ಅಂಗಡಿಗೆ ಬಂದಿದ್ದಾನೆ ಅಂದ್ರೆ ಏನೋ ಪುಕ್ಕಟೆ ಬೇಕಾಗಿದೆ" ಎಂದರು.

ಹಳೆಯ ರೇಸಿಂಗ್ ಸೈಕಲ್ಲಿನ ಗೇರ್ ಲಿವರ್ ಸಿಕ್ಕಿತು. ಹೆಬ್ಬೆರಳಷ್ಟು ಉದ್ದ. ಕ್ಲಿಕ್ ಇಲ್ಲದ್ದು, ಎಲ್ಲಿ ಬಿಟ್ಟರೂ ಬಿಗಿತದಿಂದಲೇ ನಿಲ್ಲುತ್ತದೆ. ಜೊತೆಗೆ ಬ್ರೇಕ್ ಕೇಬಲ್, ಅದರ ಕಪ್ಪು ಕೊಳವೆ.

"ಮೂರು ಟನ್ನಿನ ಗಾಡಿಗೆ ಸೈಕಲ್ ಲಿವರ್" ಎಂದರು ಚಿಕ್ಕಪ್ಪ. "ಆನೆಗೆ ಮೂಗುತಿ ಹಾಕಿದ ಹಾಗೆ."

ಮಾರ್ಚ್ ೯

ಮೈಯೆಲ್ಲ ಗ್ರೀಸು. ಉಗುರಿನ ಸಂದಿಯದು ಸೋಪಿಗೆ ಬಗ್ಗುತ್ತಿಲ್ಲ.

ಗಾಡಿಗೆ ಕೂರಿಸಿದ ಲಿವರ್ ಇಟ್ಟಲ್ಲಿ ನಿಲ್ಲಲಿಲ್ಲ. ಎಳೆದರೆ ಇಂಜಿನ್ ಗುರ್ ಎನ್ನುತ್ತದೆ, ಕೈ ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಡೀಸೆಲ್ ಪಂಪಿನ ಸ್ಪ್ರಿಂಗ್ ಲಿವರಿಗಿಂತ ಗಟ್ಟಿ. ಚಿಕ್ಕಪ್ಪ ಹಳೆಯ ಬೆಲ್ಟಿನ ಚರ್ಮ ಕತ್ತರಿಸಿ ವಾಷರ್ ಮಾಡಿ ಒಳಗೆ ಕೂರಿಸಿದರು. ನಾನು ಬಾನೆಟ್ಟಿನೊಳಗೆ ತಲೆ ತೂರಿಸಿ ಹಿಡಿದಿದ್ದೆ. ತಂತಿಯ ಎಳೆ ಬಿಚ್ಚಿಕೊಂಡು ಬೆರಳಿಗೆ ಚುಚ್ಚಿತು. ಅಮ್ಮ ಅರಿಶಿನ ಒತ್ತುತ್ತ, "ಓದಿಸಿದ್ದು ಇದಕ್ಕಾ?" ಎಂದಳು. ಅಪ್ಪನಿಗೆ ಕೇಳಿಸುವಷ್ಟೇ ಗಟ್ಟಿಯಾಗಿ.

ಸಂಜೆ ಲಿವರ್ ನಿಂತಿತು. ಅಂಗಳದಲ್ಲಿ ನಿಂತ ಗಾಡಿ ಒಂದೇ ಸ್ವರದಲ್ಲಿ ಗುನುಗುತ್ತಿತ್ತು. ಅಪ್ಪ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ನೋಡ್ರೋ ಮಹಾರಾಜ್ರನ್ನ!" ಎಂದರು ಚಿಕ್ಕಪ್ಪ. ಅಪ್ಪ ಅಷ್ಟು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಮಾರ್ಚ್ ೧೨

ಸುಸ್ತು. ಬರೆಯಲೇಬೇಕು ಎಂದು ಬರೆಯುತ್ತಿದ್ದೇನೆ.

ಅಂಗಳದಲ್ಲಿ ಮಹಾರಾಜ, ಗುಡ್ಡದಲ್ಲಿ ಹುಚ್ಚು ಕುದುರೆ. ಮೊದಲ ಬಂಡೆ ಏರುತ್ತಿದ್ದಂತೆ ಇಂಜಿನ್ ತಾನಾಗಿ ಅರಚತೊಡಗಿತು. ಲಿವರ್ ಮುಟ್ಟಿಲ್ಲ, ಇಟ್ಟಲ್ಲೇ ಇದೆ. ಆದರೂ ರೇಸು ಏರುತ್ತಲೇ ಹೋಯಿತು. ಅಪ್ಪ ಕ್ಲಚ್ ಒತ್ತಿ ಕೀ ತಿರುಗಿಸಿದರು. ಸದ್ದು ನಿಂತ ಮೇಲೆ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಲಿವರನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕಾಲಿನಲ್ಲೇ ಹತ್ತಿದೆವು. ಕಪ್ಪೆಯಂತೆ.

ಮೇಲೆ ಲೋಡು ಇಳಿಸಿದ ನಂತರ ಇನ್ನೊಂದು ವಿಚಿತ್ರ. ಅಪ್ಪ ಗಾಡಿ ಹತ್ತಿದರು. ಬಲಗಾಲಿನ ಚಪ್ಪಲಿ ನೆಲದಲ್ಲೇ ಉಳಿದಿತ್ತು. ಹೇಳುತ್ತಾರೆ, ಇಳಿದು ಹಾಕಿಕೊಳ್ಳುತ್ತಾರೆ ಎಂದು ಕಾದೆ. ಬರಿಗಾಲನ್ನು ಪೆಡಲ್ಲಿನ ಮೇಲಿಟ್ಟು ಗಾಡಿ ಸ್ಟಾರ್ಟ್ ಮಾಡಿದರು. ಬಿಸಿಲಿಗೆ ಕಾದ ಕಬ್ಬಿಣದ ಪೆಡಲ್ಲು. ಕಾಲು ಹಿಂದೆಗೆಯಲಿಲ್ಲ.

ಚಪ್ಪಲಿ ಎತ್ತಿಕೊಂಡು ಹತ್ತಿದೆ. ಸೀಟಿನ ಕೆಳಗೆ ಇಟ್ಟೆ. ಮನೆಯಲ್ಲಿ ಇಳಿಯುವಾಗ ಹುಡುಕಿದರು.

"ಎಲ್ಲಿ ಹೋಯ್ತು ಇದು?"

"ಇಲ್ಲೇ ಇದೆ ಅಪ್ಪ."

ನನ್ನ ಮುಖ ನೋಡಿದರು. ನಾನು ಹಗ್ಗ ಸುತ್ತುತ್ತಿದ್ದೆ.

ಮಾರ್ಚ್ ೧೩

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಎಲ್ಲರಿಗೂ ಗೊತ್ತು. ಮಾತ್ರೆ ನುಂಗುತ್ತಾರೆ, ಅದೂ ಗೊತ್ತು. ಕಾಲಿಗೆ ಸ್ಪರ್ಶವೇ ತಿಳಿಯುತ್ತಿಲ್ಲ ಎಂಬುದು ಅವರೊಬ್ಬರಿಗೆ ಗೊತ್ತಿತ್ತು. ಈಗ ನನಗೂ.

ಬೆಳಿಗ್ಗೆಯಿಂದ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಓಡಾಡಿದೆ. ಅಮ್ಮನ ಬಳಿ ಹೋದೆ, ನೀರು ಕುಡಿದು ಬಂದೆ. ತರಗತಿಯಲ್ಲೂ ಹೀಗೇ ಇದ್ದೆ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಬೇರೆ ಯಾರಾದರೂ ಹೇಳಲಿ ಎಂದು ಕಾಯುವುದು.

ಲಿವರ್ ಸರಿಯಾದರೆ ಸಾಕಲ್ಲವೇ... ಕಾಲೇ ಬೇಡವಲ್ಲ.

ಮಾರ್ಚ್ ೧೭

ತಪ್ಪು ಸಿಕ್ಕಿತು. ಮೂವರೂ ಸೇರಿ ಮಾಡಿದ ತಪ್ಪು.

ಸೈಕಲ್ಲಿನಲ್ಲಿ ಹೇಗೆ ಬಿಗಿಯುತ್ತಾರೋ ಹಾಗೇ ಬಿಗಿದಿದ್ದೆವು. ಕೇಬಲ್ಲಿನ ಕೊಳವೆಯನ್ನು ಕ್ಯಾಬಿನ್ನಿನ ತಗಡಿಗೆ ಕಟ್ಟಿ, ಒಳಗಿನ ತಂತಿಯನ್ನು ಮಾತ್ರ ಆಸರೆಯಿಲ್ಲದೆ ಪಂಪಿನವರೆಗೆ ಎಳೆದಿದ್ದೆವು. ಸೈಕಲ್ಲಿಗೆ ಒಂದೇ ಮೈ. ಗಾಡಿಗೆ ಹಾಗಲ್ಲ. ಇಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಭಾರ ಬಿದ್ದಾಗ ಒಂದು ಕಡೆಗೆ ವಾಲುತ್ತದೆ. ವಾಲಿದರೆ ತಂತಿ ಎಳೆದುಕೊಳ್ಳುತ್ತದೆ. ರೇಸು ಏರುತ್ತದೆ. ಇನ್ನಷ್ಟು ವಾಲುತ್ತದೆ. ನಿಂತ ಗಾಡಿಯಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಇದು ಕಾಣುವುದಿಲ್ಲ.

ಅಪ್ಪ ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಅರ್ಧ ಬಿಟ್ಟರು. ಬಾನೆಟ್ಟಿನ ಮುಂದೆ ನಿಂತಿದ್ದ ನನ್ನ ಕಣ್ಣಿಗೆ ಅದು ಬಿತ್ತು. ಇಂಜಿನ್ ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರಂತೆ ಹೊರಳಿತು. "ಚಿಕ್ಕಪ್ಪ, ಅದು ಅಲ್ಲಾಡ್ತಿದೆ" ಎಂದೆ. ಎಷ್ಟು ಮೆಲ್ಲಗೆ ಎಂದರೆ ಎರಡು ಸಲ ಹೇಳಬೇಕಾಯಿತು.

"ಅಯ್ಯೋ ನನ್ನ ಬುದ್ಧಿಗೆ! ಕೊಳವೆ ತುದಿ ಇಂಜಿನ್ ಮೇಲೇ ಕೂರಬೇಕು. ಅದು ಹೊರಳಿದ್ರೆ ಇದೂ ಜೊತೇಲಿ ಹೊರಳಲಿ."

ಕಬ್ಬಿಣದ ಪಟ್ಟಿ ಬಗ್ಗಿಸಿ ಇಂಜಿನ್ನಿನ ಬೋಲ್ಟಿಗೇ ಕೂರಿಸಿದೆವು. ಕೇಬಲ್ಲಿಗೆ ಸಡಿಲವಾಗಿ ಒಂದು ಸುತ್ತು ಬಿಟ್ಟೆವು. ಆ ಕೊನೆಯ ಸ್ಕ್ರೂ ನಾನೇ ತಿರುಗಿಸಿದ್ದು.

ಮಾರ್ಚ್ ೩೦, ಸಂಜೆ

ಸೂಪರ್‌ವೈಸರ್ ಮಧ್ಯದಲ್ಲಿ, ನಾನು ಕಿಟಕಿಗೆ. ಬಂಡೆ ಶುರುವಾದಾಗ ಅಪ್ಪ ಲಿವರ್ ಎಳೆದು, ಕಾಲನ್ನು ಪೆಡಲ್ಲಿನಿಂದ ಸರಿಸಿಟ್ಟರು. ಗಾಡಿ ಮುಲುಗಲಿಲ್ಲ, ಎಗರಲಿಲ್ಲ. ಒಂದೇ ಉಸಿರಿನಲ್ಲಿ ಹತ್ತಿತು. ಸೂಪರ್‌ವೈಸರ್ ಜೇಬಿನಲ್ಲಿದ್ದ ಪೆನ್ನು ಕೂಡ ಅಲುಗಲಿಲ್ಲ, ನೋಡುತ್ತಿದ್ದೆ.

"ಯಾವ ವರ್ಕ್‌ಶಾಪಲ್ಲಿ ಮಾಡಿಸಿದ್ರಿ?"

"ಇದೋ, ನಮ್ಮ ಕ್ಲೀನರ್ ವರ್ಕ್‌ಶಾಪು" ಎಂದರು ಅಪ್ಪ.

ಈ ಸಲ ಹಾಸ್ಯವಲ್ಲ. ಕೆಲಸ ಅಪ್ಪನಿಗೇ ಉಳಿಯಿತು. ಖುಷಿಪಡಬೇಕು. ಮಲಗಬೇಕು ಎನಿಸುತ್ತಿದೆ, ಅಷ್ಟೇ.

ಏಪ್ರಿಲ್ ೩

ಅಮ್ಮನ ಕೈ ಮುರಿದಿದೆ.

ಏಪ್ರಿಲ್ ೪, ಮಧ್ಯಾಹ್ನ

ನಿನ್ನೆ ಒಂದು ಸಾಲಿಗಿಂತ ಹೆಚ್ಚು ಬರೆಯಲಾಗಲಿಲ್ಲ.

ಖಾಲಿ ಗಾಡಿ, ಸಪಾಟು ರಸ್ತೆ, ನಮ್ಮದೇ ಮನೆ. ಹಾರನ್ ಕೇಳಿ ಅಮ್ಮ ಗೇಟು ತೆಗೆಯಲು ಬಂದಳು. ದಿನವೂ ಬರುತ್ತಾಳೆ. ಒಂದು ರೆಕ್ಕೆ ತೆಗೆದು ಇನ್ನೊಂದಕ್ಕೆ ಕೈ ಹಾಕಿದ್ದಳು. ಗಾಡಿ ನಿಲ್ಲಬೇಕಿತ್ತು. ಮುನ್ನುಗ್ಗಿತು. ನಾನು ಅಪ್ಪನ ಕಾಲನ್ನೇ ನೋಡುತ್ತಿದ್ದೆ, ಚಪ್ಪಲಿಯ ದಿನದಿಂದ ಅದೇ ಅಭ್ಯಾಸವಾಗಿದೆ. ಅಪ್ಪ ತುಳಿಯುತ್ತಿದ್ದರು, ಮೈಯ ಭಾರವೆಲ್ಲ ಹಾಕಿ. ಬ್ರೇಕ್ ಎಂದುಕೊಂಡು ಎಕ್ಸಲರೇಟರನ್ನು. ನಾನು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಗೇಟಿನ ರೆಕ್ಕೆ ಅಮ್ಮನನ್ನು ಕೆಡವಿತ್ತು. ಗಾಡಿ ಕಂಬಕ್ಕೆ ತಾಗಿ ಆಫ್ ಆಯಿತು.

ಅಪ್ಪ ಇಳಿದು ಓಡಿದರು. ಅಮ್ಮನನ್ನು ಎತ್ತಿ ಕೂರಿಸಿದರು. ಆಮೇಲೆ ಯಾರೂ ಕೇಳುವ ಮೊದಲೇ,

"ಕೇಬಲ್... ಕೇಬಲ್ ಸಿಕ್ಕಿಕೊಂಡುಬಿಡ್ತು."

ಲಿವರ್ ಪೂರ್ತಿ ಹಿಂದಿತ್ತು. ಬಾನೆಟ್ ಎತ್ತಿ ನೋಡಿದೆ. ತಂತಿ ಸಡಿಲವಾಗಿ, ಬಿಟ್ಟ ಸುತ್ತು ಬಿಟ್ಟ ಹಾಗೇ ಇತ್ತು. ಬಾನೆಟ್ ಮುಚ್ಚಿದೆ. ಬಾಯಿಯನ್ನೂ.

ಏಪ್ರಿಲ್ ೬, ಸಂಜೆ

ಚಿಕ್ಕಪ್ಪ ಇಂದು ಅಂಗಡಿ ತೆರೆಯಲಿಲ್ಲ. ಇಕ್ಕಳ ಹಿಡಿದು ಬಂದರು. ನೇರ ಲಿವರ್ ಕಳಚಲು ಕೂತರು. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟು ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ತೆಗೆದು ಬಿಸಾಕು. ಸೈಕಲ್ ಅಂಗಡಿ ಬುದ್ಧೀನ ಲಾರಿಗೆ ಹಚ್ಚಿದ್ದಲ್ಲದೆ..."

"ಹೌದು ಅತ್ತಿಗೆ. ಹಳೇ ಕೇಬಲ್ ಕೊಡಬಾರದಿತ್ತು ನಾನು. ಹೊಸದಿತ್ತು ಅಂಗಡೀಲಿ. ಇದೇ ಸಾಕು ಅಂದ್ಕೊಂಡೆ. ಒಂಚೂರು ಆಚೀಚೆ ಆಗಿದ್ರೆ..." ಕಣ್ಣು ಒರೆಸಿಕೊಂಡರು. ಗ್ರೀಸು ಕೆನ್ನೆಗೆ ಹತ್ತಿತು. ಜೀವಮಾನವಿಡೀ ಎಲ್ಲರನ್ನೂ ಕಿಚಾಯಿಸಿದ ಮನುಷ್ಯ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ನೋಡುತ್ತಿದ್ದರು. ಹೇಳುತ್ತಾರೆ ಎಂದು ಕಾದೆ. ತಮ್ಮನಿಗಾದರೂ ಹೇಳುತ್ತಾರೆ ಎಂದು. ಹೇಳಲಿಲ್ಲ.

"ಕೇಬಲ್ ಸರಿಯಾಗಿತ್ತು, ಚಿಕ್ಕಪ್ಪ."

ನನ್ನ ದನಿಯೇ. ಈ ಸಲ ಎರಡನೇ ಬಾರಿ ಹೇಳಬೇಕಾಗಲಿಲ್ಲ.

"ಏನು?" ಎಂದಳು ಅಮ್ಮ.

"ಸಿಕ್ಕಿಕೊಂಡಿರಲಿಲ್ಲ. ಅವತ್ತೇ ನೋಡಿದೆ. ಅಪ್ಪನ ಕಾಲು ಎಕ್ಸಲರೇಟರ್ ಮೇಲಿತ್ತು. ಬ್ರೇಕ್ ಅಂದ್ಕೊಂಡಿದ್ರು. ಅವರಿಗೆ ಗೊತ್ತಾಗಲ್ಲ ಅಮ್ಮ. ಆ ಕಾಲಿಗೆ ಏನೂ ಗೊತ್ತಾಗಲ್ಲ."

ಚಿಕ್ಕಪ್ಪನ ಕೈಯಲ್ಲಿ ಇಕ್ಕಳ ಹಾಗೇ ನಿಂತಿತು. ಅಮ್ಮ ಅಪ್ಪನ ಮುಖ ನೋಡಲಿಲ್ಲ. ಪಾದ ನೋಡಿದಳು. ಬಹಳ ಹೊತ್ತು.

ಅಪ್ಪ ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೂಡ ಮೆತ್ತಗಿತ್ತು.

ಏಪ್ರಿಲ್ ೧೧

ಐದು ದಿನ. ಊಟಕ್ಕೆ ಬರುತ್ತಾರೆ, ಹೋಗುತ್ತಾರೆ. ನನ್ನನ್ನು ದಾಟಿ ಉಪ್ಪು ಕೇಳುತ್ತಾರೆ. ಟವರಿನ ಲೋಡನ್ನು ಬೇರೆಯವರು ಒಯ್ದರಂತೆ. ಸೂಪರ್‌ವೈಸರಿಗೆ ಫೋನು ಮಾಡಿದ್ದು ಅಪ್ಪನೇ, ಅಮ್ಮ ಹೇಳಿದಳು. ಏನು ಹೇಳಿದರೋ ಆಕೆಗೂ ಕೇಳಿಸಲಿಲ್ಲ.

ಹೇಳಬಾರದಿತ್ತೇ? ಹೇಳದಿದ್ದರೆ ನಾಳೆ ಗೇಟಿನಲ್ಲಿ ಯಾರು? ಹೇಳಲೇಬೇಕಿತ್ತು ಎಂಬ ಉತ್ತರವೇ ಬರುತ್ತದೆ. ಆದರೂ ಸಮಾಧಾನವಿಲ್ಲ.

ಏಪ್ರಿಲ್ ೧೪, ಬೆಳಿಗ್ಗೆ

ಅಪ್ಪ ಗಡ್ಡ ಬೋಳಿಸಿಕೊಂಡಿದ್ದಾರೆ. ಇಸ್ತ್ರಿ ಮಾಡಿದ ಅಂಗಿ. ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ದೊಡ್ಡಾಸ್ಪತ್ರೆಗೆ ಬಸ್ಸು ಎಲ್ಲಿ ನಿಲ್ಲುತ್ತೆ?"

ನಾನು ಹುಟ್ಟುವ ಮೊದಲಿನಿಂದ ಈ ರಸ್ತೆಗಳಲ್ಲಿ ಗಾಡಿ ಓಡಿಸಿದವರು.

"ಪೋಸ್ಟಾಫೀಸ್ ಎದುರಿಗೆ, ಅಪ್ಪ."

"ಹತ್ತೋದು ಮುಂದಿನ ಬಾಗಿಲಲ್ಲೋ, ಹಿಂದಿನದರಲ್ಲೋ?"

"ಎರಡರಲ್ಲೂ ಹತ್ತಬಹುದು. ನಾನೂ ಬರ್ತೀನಿ."

ಬೇಡ ಎನ್ನಲಿಲ್ಲ. ಬಸ್ಸಿಗೆ ಇನ್ನೂ ತುಂಬಾ ಹೊತ್ತಿದೆ, ಕೂತಿರಿ ಎಂದೆ. ಗೇಟಿನ ಕಡೆ ನೋಡುತ್ತ ಹೇಳಿದರು —

"ಈಗಲೇ ಹೊರಡೋಣ. ನೆಲ ನೋಡ್ಕೊಂಡು ಇಡಬೇಕು ನಾನು ಹೆಜ್ಜೆ. ಹೊತ್ತು ಹಿಡಿಯುತ್ತೆ."

ಹೊರಗೆ ನಿಂತಿದ್ದಾರೆ. ನಾನಿನ್ನು ತಲೆ ಬಾಚಿ, ಅಮ್ಮನಿಗೆ ಹೇಳಿ... ಕರೆಯುತ್ತಿದ್ದಾರೆ. ಹೆಸರು ಹಿಡಿದು, ಇಷ್ಟು ದಿನದ ಮೇಲೆ —