ಅಪ್ಪನ ಚೀಲಕ್ಕೊಂದು ಕ್ಯಾರಿಯರ್

ಅಪ್ಪಾ,

ನಾನು ಬೇಕರಿ ಕೆಲಸಕ್ಕೆ ಹೊರಟೆ. ಈಗಷ್ಟೇ ನಿದ್ದೆ ಹತ್ತಿತ್ತು ನಿನಗೆ, ಎಬ್ಬಿಸಲಿಲ್ಲ. ಕೈಯ ಪ್ಲಾಸ್ಟರ್ ನೆನೆಸಬೇಡ.

ಮೇಜಿನ ಮೇಲೆ ನಿನ್ನ ಸೈಕಲ್ಲಿಗೆ ಅಂತ ತಂದ ಎರಡು ಕ್ಯಾರಿಯರ್ ಇವೆ. ಒಂದನ್ನ ಆರಿಸ್ಕೋ, ಇನ್ನೊಂದನ್ನ ಅಂಗಡಿಗೆ ವಾಪಸ್ ಕೊಡ್ತೀನಿ. ಸೀಟಿನ ಕಂಬ ಕಚ್ಚಿಕೊಳ್ಳೋದು ನೋಡೋಕೆ ಚೆಂದ, ಆದರೆ ನಿನ್ನ ಬೀಗ ರಿಪೇರಿ ಸಾಮಾನಿನ ಭಾರಕ್ಕೆ ವಾರದಲ್ಲೇ ಜೋತುಬೀಳುತ್ತೆ. ಕಾಲಿರೋದನ್ನ ಹಿಂದಿನ ಚಕ್ರದ ಅಚ್ಚಿನ ಹತ್ತಿರ ಬೋಲ್ಟ್ ಹಾಕಿ ಕೂರಿಸಬಹುದು, ಚೀಲ ಅದರ ಮೇಲೆ ನೆಮ್ಮದಿಯಾಗಿರುತ್ತೆ. ನನ್ನ ಕೇಳಿದರೆ ಅದೇ. ಒಂಟಿ ಕೈಲಿ ಹಾಕೋಕೆ ಹೋಗಿ ಶೂರ ಅನ್ನಿಸ್ಕೋಬೇಡ, ನಾನು ಬಂದ ಮೇಲೆ ಹಾಕೋಣ.

ನಾಯಿ ಅಡ್ಡ ಬಂದು ಬಿದ್ದೆ ಅಂದೆಯಲ್ಲ? ನಿನ್ನೆ ನಾನು ಹಿಂದಿನ ಚಕ್ರ ಬಿಚ್ಚಿ ನೋಡಿದೆ. ಅಚ್ಚಿಗೆ ಅಮ್ಮನ ಮಫ್ಲರ್ ಸುತ್ತಿಕೊಂಡಿತ್ತು. ಚೀಲ ಚಕ್ರಕ್ಕೆ ತಾಗದ ಹಾಗೆ ನೀನು ಅದರಲ್ಲಿ ಎತ್ತಿ ಕಟ್ಟಿದ್ದೆ ತಾನೆ? ಪಾಪದ ನಾಯಿ ಮೇಲೆ ಯಾಕಪ್ಪ ಗೂಬೆ ಕೂರಿಸ್ತೀಯ?

ಅವಳು ನಿನಗೇ ಅಂತ ಹೆಣೆದದ್ದು. ಚುಚ್ಚುತ್ತೆ ಅಂತ ಅವಳಿರೋವರೆಗೆ ಒಂದು ದಿನವೂ ಕುತ್ತಿಗೆಗೆ ಹಾಕಲಿಲ್ಲ. ಈಗ ಅದನ್ನೇ ಸೈಕಲ್ಲಿಗೆ ಕಟ್ಟಿಕೊಂಡು ಊರೆಲ್ಲ ಸುತ್ತುತ್ತೀಯ. ಯಾಕೆ ಅಂತ ನನಗೂ ಗೊತ್ತಾಗುತ್ತೆ. ಆದರೆ ಆಸ್ಪತ್ರೆಯಿಂದ ಇನ್ನೊಂದು ಸಲ ಫೋನ್ ಬಂದರೆ ತಡ್ಕೊಳ್ಳೋ ಶಕ್ತಿ ನನಗಿಲ್ಲ. ಅಮ್ಮ ಹೋದಾಗ ಬಂದದ್ದೇ ಇನ್ನೂ ಕಿವಿಯಲ್ಲಿದೆ.

ಗ್ರೀಸ್ ಹೋಗೋ ತನಕ ತೊಳೆದು, ಹರಿದ ಕಡೆ ಹೊಲಿದು, ಮಫ್ಲರನ್ನ ನಿನ್ನ ಕುರ್ಚಿ ಮೇಲೆ ಹಾಕಿದ್ದೀನಿ. ಬೆಳಿಗ್ಗೆ ಚಳಿ ಇದೆ, ಸುತ್ತಿಕೊಂಡು ಕೂತ್ಕೋ.

ಚುಚ್ಚಿದರೆ ಚುಚ್ಚಲಿ.