ಇಪ್ಪತ್ತು ಸೆಕೆಂಡಿನ ಅಲೆ

ಕಮಲಾಪುರ
9 ಫೆಬ್ರವರಿ 2025

ಮಗಳು ಅಲ್ಫಿಯಾಳಿಗೆ ನಿನ್ನ ಅಮ್ಮೀಯ ಪ್ರೀತಿ, ದುವಾ.

ಫೋನ್ ಮಾಡಿದರೆ ಕೆಲಸವಿದೆ ಎಂದು ಇಟ್ಟುಬಿಡುತ್ತೀ. ಜೇವರ್ಗಿ ಕಾಲೋನಿಯ ನಿನ್ನ ಕೋಣೆಯಿಂದ ಕಮಲಾಪುರಕ್ಕೆ ಎಷ್ಟು ದೂರ? ಮೂರು ವಾರವಾಯಿತು, ನೀನು ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವಾಡುವುದು ದಖನಿಯಾದರೂ ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ಕೈ ಇದು. ಬರೆಯಲು ಕೂತರೆ ಕನ್ನಡವೇ ಬರುತ್ತದೆ.

ಒಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೇನೆ. ವಿಶ್ವವಿದ್ಯಾಲಯದಲ್ಲಿ ನಿನ್ನ ಉಪನ್ಯಾಸವಿದ್ದ ದಿನ “ಆನಾ ನಕ್ಕೋ ಅಮ್ಮೀ”, ಬರಬೇಡ ಎಂದಿದ್ದೆಯಲ್ಲ, ನಾನು ಬಂದಿದ್ದೆ. ನಿನ್ನ ಫೋಟೋ ಪೇಪರಿನಲ್ಲಿ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಬೇಡವೆಂದರೆ ಮನೆಯಲ್ಲಿ ಕೂರುವುದಾದರೂ ಹೇಗೆ? ಒಂಬತ್ತರ ಬಸ್ಸು ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತೆ.

ನೀನು ಕನ್ನಡದಲ್ಲೇ ವಿವರಿಸಿದೆ, ನನಗೂ ತಿಳಿಯಿತು. ಭೂಮಿಯ ಕಾಂತಶಕ್ತಿ ನಮ್ಮ ಸುತ್ತ ಕಣ್ಣಿಗೆ ಕಾಣದ ಕೋಟೆಯೊಂದನ್ನು ಕಟ್ಟಿದೆ. ಸೂರ್ಯನಿಂದ ಬೀಸುವ ಪ್ಲಾಸ್ಮಾದ ಗಾಳಿ ಅದರ ಅಂಚನ್ನು ಉಜ್ಜಿಕೊಂಡು ಹೋಗುವಾಗ ಅಲ್ಲಿ ಅಲೆಗಳೇಳುತ್ತವೆ. ಅಲೆ ಒಡೆದು ಸುಳಿಯಾಗುತ್ತದೆ, ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತವೆ, ಕೊನೆಗೆ ಕಣಗಳಿಗೆ ಕಾವು ಕೊಟ್ಟು ಅಡಗುತ್ತವೆ. ಆ ಗೊಂದಲದ ನಡುವೆ ಇಪ್ಪತ್ತು ಸೆಕೆಂಡಿಗೊಮ್ಮೆ ತಪ್ಪದೆ ಬರುವ ಹೊಸ ಅಲೆಯನ್ನು ನೀನು ಕಂಡಿದ್ದೀ ಎಂದೇ ಪೇಪರಿನವರು ಬರೆದದ್ದು.

ಎಲ್ಲರೂ ಚಪ್ಪಾಳೆಗೆ ಕೈಯೆತ್ತಿದ್ದರು. ಆಗ ನೀನು ಹೇಳಿದೆ:

“ಆ ಅಲೆ ಅಲ್ಲಿ ಇಲ್ಲರಿ. ಅಳತೆ ಮಾಡಿದ ಉಪಗ್ರಹ ಇಪ್ಪತ್ತು ಸೆಕೆಂಡಿಗೊಮ್ಮೆ ತನ್ನ ಸುತ್ತ ತಾನೇ ತಿರುಗತದ. ಆ ತಿರುಗೂದೇ ನನಗ ಅಲೆ ಆಗಿ ಕಂಡದ. ಅದನ್ನ ಮೊದಲೇ ತಗದು ನೋಡಬೇಕಿತ್ತು, ನಾ ನೋಡಲಿಲ್ಲ. ಪ್ರಬಂಧ ವಾಪಸ್ ತಗೊಂಡೀನಿ.”

ಮುಂದಿನ ಸಾಲಿನ ಇಬ್ಬರು ಹಿರಿಯರು ಎದ್ದು ಹೊರನಡೆದರು. ನನಗೆ ಓಡಿಬಂದು ನಿನ್ನ ಪಕ್ಕ ನಿಲ್ಲಬೇಕೆನಿಸಿತು. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: “ಹಾಂಗಾರ ಮೇಡಂ, ಎರಡು ವರ್ಷ ನೀವು ಮಾಡಿದ್ದೆಲ್ಲಾ ಸುಳ್ಳೇನ್ರಿ?”

“ಸುಳ್ಳಲ್ಲವ್ವಾ, ತಪ್ಪು,” ಎಂದೆ ನೀನು. “ಗೊತ್ತಾದ ಮ್ಯಾಲೂ ಸುಮ್ಮನಿದ್ದಿದ್ರ ಸುಳ್ಳಾಗತಿತ್ತು.”

ಆಮೇಲೆ ಪರದೆಯ ಮೇಲೆ, ಆ ತಿರುಗುವಿಕೆಯನ್ನು ಕಳೆದು ಉಳಿದ ಗೆರೆಗಳನ್ನು ತೋರಿಸಿದೆ. ಸಣ್ಣವು, ಅಂಕುಡೊಂಕಾದವು. ಇಷ್ಟು ಮಾತ್ರ ಖರೇ, ಇಲ್ಲಿಂದ ಮತ್ತೆ ಶುರು ಮಾಡುತ್ತೇನೆ ಎಂದೆ. ನಾನು ನಿನ್ನನ್ನು ಕಾಣದೆ ಬಸ್ಸು ಹತ್ತಿದೆ. ನೀನು ನನ್ನ ಮುಖ ನೋಡಿದರೆ ಅಳುತ್ತೀ ಎಂದಲ್ಲ, ನಾನೇ ಅಳುತ್ತಿದ್ದೆ, ಹೆಮ್ಮೆಯಿಂದ.

ಮರುವಾರ ನಮ್ಮ ಶಾಲೆಯ ಹೆಡ್‌ಮಾಸ್ತರ ಸುಧಾಕರ ಅವರು ಮನೆಗೆ ಬಂದರು. ನಿನ್ನ ಸತ್ಕಾರಕ್ಕೆ ಬ್ಯಾನರ್ ಕೂಡ ಅಚ್ಚಾಗಿತ್ತಲ್ಲ. ಚಹಾ ಕಪ್ಪನ್ನೇ ನೋಡುತ್ತ, “ಟೀಚರ್, ಸತ್ಕಾರ ಸದ್ಯ ಬ್ಯಾಡ ಅಂತ ಕಮಿಟಿಯವರು ಅಂತಾರ್ರಿ” ಎಂದರು.

“ಬ್ಯಾಡೇ ಬ್ಯಾಡ್ರಿ,” ಎಂದೆ. “ಶಾಲು, ಹಾರ ಏನೂ ಬ್ಯಾಡ. ಒಂಬತ್ತನೇ ಕ್ಲಾಸಿನ ಹುಡುಗರಿಗೆ ಆಕಿ ಕಡೆಯಿಂದ ಒಂದು ಪಾಠ ಮಾಡಸ್ರಿ. ತಪ್ಪು ಹ್ಯಾಂಗ ಹಿಡೀಬೇಕು ಅನ್ನೂದು ನಾವು ಯಾರೂ ಅವರಿಗೆ ಕಲಿಸಿಲ್ಲ.”

ಅವರು ತಲೆಯೆತ್ತಿ ನಕ್ಕರು. ಶನಿವಾರ ಬೆಳಿಗ್ಗೆ ಎರಡನೇ ಪಿರಿಯಡ್ ನಿನ್ನದು. ಬರುವುದಿಲ್ಲ ಎನ್ನಬೇಡ. ಊರಲ್ಲಿ ಯಾರಾದರೂ ಏನಾದರೂ ಅಂದರೆ ಉತ್ತರ ಕೊಡಲು ನಾನಿದ್ದೇನೆ. ನೀನು ತಲೆ ತಗ್ಗಿಸಿ ನಡೆಯುವಂಥದ್ದು ಏನನ್ನೂ ಮಾಡಿಲ್ಲ.

ನಿನ್ನ ತಾಯಿ ಎನ್ನಿಸಿಕೊಳ್ಳುವುದಕ್ಕೆ ಹೆಮ್ಮೆಪಡುವ,
ಜೈನಾಬಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯವಾಗದ್ದು. ಪತ್ರ ಮುಗಿಸಿ ಎರಡು ದಿನ ಅಂಚೆಗೆ ಹಾಕಲಾಗಲಿಲ್ಲ. ನೀನು ಹುಟ್ಟುವ ಮೊದಲು, ನಾನಿನ್ನೂ ಹೊಸ ಟೀಚರ್ ಆಗಿದ್ದಾಗ, ಏಳನೇ ತರಗತಿಯ ರಮಾಬಾಯಿ ಎಂಬ ಹುಡುಗಿಯ ಅಂಕ ಕೂಡಿಸುವಾಗ ಹತ್ತು ಬಿಟ್ಟೆ. ಅವಳು ಫೇಲಾದಳು. ಫಲಿತಾಂಶ ಬಂದ ಮೇಲೆ ನನಗೆ ತಪ್ಪು ಗೊತ್ತಾಯಿತು. ನೌಕರಿಯ ಹೆದರಿಕೆಗೆ ಬಾಯಿ ಬಿಡಲಿಲ್ಲ. ಅವಳು ಶಾಲೆ ಬಿಟ್ಟಳು. ಈಗ ನಂದೂರಿನ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಳೆ. ನಿನ್ನೆ ಅವಳ ಮನೆ ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. “ನಾ ದಡ್ಡಿ ಅಂತ ಇಷ್ಟು ವರ್ಷ ಮಕ್ಕಳ ಮುಂದೂ ಹೇಳ್ಕೋತ ಬಂದೀನ್ರಿ ಟೀಚರ್” ಎಂದಳು. ಆಮೇಲೆ ಒಳಗಿದ್ದ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದು ನನ್ನೆದುರು ನಿಲ್ಲಿಸಿದಳು. “ಈಗ ಇವರ ಮುಂದ ಇನ್ನೊಮ್ಮೆ ಹೇಳ್ರಿ.”

ಹೇಳಿದೆ.